ಗೋಡೆ ಬಿದ್ದರೂ ಕಂಬ ನಿಂತಿತ್ತು: ಮಾಳಿಗೆ ಮನೆಯ ಪಾಠ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೇ ಊರುಗಳಲ್ಲಿ ಇಂದಿಗೂ ಮಾಳಿಗೆ ಮನೆಗಳಿವೆ. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಹಿರಿಯರು ಅಂಕಣದ ಲೆಕ್ಕ ಹೇಳುತ್ತಾರೆ. ಅಂಕಣ ಎಂದರೆ ಕಂಬಗಳ ನಡುವಿನ ಜಾಗ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು. ನಮ್ಮ ಬಿಸಿಲಿಗೆ ಇದಕ್ಕಿಂತ ತಂಪು ಮನೆ ಇಲ್ಲ.

ಆದರೆ ಸೋರಬಾರದೆಂದು ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಮಣ್ಣು ಹಾಕುತ್ತಾ ಮಾಳಿಗೆ ದಪ್ಪವಾಯಿತು. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ 1 ಅಡಿ ಮಣ್ಣಿದ್ದರೆ ತೂಕ 4 ಟನ್ ದಾಟುತ್ತದೆ. ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಒಂದು ತಲೆಯ ಮೇಲೆ ನಿಂತಂತೆ!

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 4 ಗಂಟೆಗೆ ಸ್ವಲ್ಪ ಮುಂಚೆ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಆಳಂದದ ಗಡಿ ದಾಟಿದರೆ ಉಮರ್ಗಾ, ಅದರಾಚೆ ಕಿಲ್ಲಾರಿ. ಅಲ್ಲಿನ ಮನೆಗಳೂ ನಮ್ಮಂಥವೇ. ಸುಮಾರು 10 ಸಾವಿರ ಜನ ಸತ್ತರು, ಹೆಚ್ಚಿನವರು ಮಲಗಿದ್ದಲ್ಲೇ.

ಕೊಂದಿದ್ದು ಕಲ್ಲು, ಮಣ್ಣಿನ ಭಾರ ಮಾತ್ರವಲ್ಲ, ಒಂದಕ್ಕೊಂದು ಬಿಗಿಯಿಲ್ಲದ್ದು. ದಪ್ಪ ಗೋಡೆಗೆ ಒಳಮುಖ, ಹೊರಮುಖ ಬೇರೆ ಬೇರೆ. ನಡುವೆ ಚೂರುಗಲ್ಲು, ಮಣ್ಣು. ಎರಡನ್ನೂ ಹಿಡಿಯುವ ಉದ್ದ ಕಲ್ಲು ಇರಲಿಲ್ಲ. ನಡುಗಿದಾಗ ಗೋಡೆ ಎರಡಾಗಿ ಸೀಳಿತು. ಜಂತಿಗಳನ್ನು ನೇರವಾಗಿ ಗೋಡೆಯ ಮೇಲಿಟ್ಟ ಮನೆಗಳಲ್ಲಿ ಮಾಳಿಗೆಯೂ ಜೊತೆಗೇ ಕುಸಿಯಿತು. ಮಾಳಿಗೆಯ ಭಾರವನ್ನು ಕಂಬಗಳೇ ಹೊತ್ತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಚೌಕಟ್ಟು ನಿಂತಿತ್ತು.

ಅದೇ 1993ರಲ್ಲಿ ಇಂಥ ಮನೆಗಳಿಗಾಗಿ ಭಾರತೀಯ ಮಾನಕ ಬ್ಯೂರೊ ಐಎಸ್ 13828 ಎಂಬ ನಿಯಮಾವಳಿ ತಂದಿತು. ಅದರ ತಿರುಳು ಸರಳ: ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಕಲ್ಲು ನಡುನಡುವೆ ಇರಲಿ, ಬಾಗಿಲ ಮೇಲೆ ಮತ್ತು ಮಾಳಿಗೆಯ ಕೆಳಗೆ ಮನೆ ಸುತ್ತ ಪಟ್ಟಿ ಕಟ್ಟಿರಿ, ಮಾಳಿಗೆಯ ಮರವನ್ನು ಆ ಪಟ್ಟಿಗೆ ಬಿಗಿಯಿರಿ.

ಇದು ಪಕ್ಕದ ರಾಜ್ಯದ ಹಳೇ ಕಥೆಯಲ್ಲ. 2021ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ನಡುಗಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು.

ಮುಂದಿನ ಸಲ ಮಾಳಿಗೆಗೆ ಹೊಸ ಮಣ್ಣು ಹಾಕುವ ಮುಂಚೆ ಹಳೇ ಮಣ್ಣು ತೆಗೆಸಿ. ಗೋಡೆ ಉಬ್ಬಿದೆಯೇ, ಮೂಲೆ ಬಿರುಕು ಬಿಟ್ಟಿದೆಯೇ ನೋಡಿ. ತೊಲೆ ಕಂಬದ ಮೇಲೆ ಬರೀ ಕುಳಿತಿದೆಯೋ, ಬಿಗಿಯಾಗಿ ಕೂಡಿದೆಯೋ ಎಂದು ಬಡಿಗೇರರನ್ನು ಕರೆದು ತೋರಿಸಿ.