ಪ್ರಬೋಧಕನ ದಣಿವು, ದೇವರ ವರಪ್ರಸಾದ



ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ಆ ದಿನದ ಪ್ರಬೋಧನೆಯನ್ನು ತೂಗಿ ನೋಡದವರು ನಮ್ಮಲ್ಲಿ ವಿರಳ. 'ಗುರುಗಳು ಇಂದು ಚೆನ್ನಾಗಿ ಹೇಳಿದರು' ಎಂದೋ, 'ಯಾಕೋ ಇಂದು ಮಾತು ಬಹಳ ಉದ್ದವಾಯಿತು' ಎಂದೋ ತೀರ್ಪು ಕೊಟ್ಟು, ಊಟದ ಹೊತ್ತಿಗೆ ಅದನ್ನು ಮರೆತೂ ಬಿಡುತ್ತೇವೆ. ಆದರೆ ಬೋಧಪೀಠದಲ್ಲಿ ನಿಂತವರ ಅಂತರಂಗದಲ್ಲಿ ಅದೇ ಹೊತ್ತು ಏನು ನಡೆಯುತ್ತಿರುತ್ತದೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಹೇಳಬೇಕೆಂದುಕೊಂಡದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು. ಎದುರಿಗಿದ್ದವರ ಮುಖದಲ್ಲಿ ಆಕಳಿಕೆ. ಮರಳಿ ತಮ್ಮ ಕೋಣೆ ಸೇರಿದಾಗ, 'ನನ್ನ ಮಾತಿನಿಂದ ಯಾರಿಗಾದರೂ ಪ್ರಯೋಜನವಾಯಿತೇ?' ಎಂಬ ಪ್ರಶ್ನೆ. ಈ ದಣಿವು ನಮ್ಮ ಕಾಲದ್ದು ಮಾತ್ರವಲ್ಲ. ಸುಮಾರು 1600 ವರ್ಷಗಳ ಹಿಂದೆ ಉತ್ತರ ಆಫ್ರಿಕದ ಒಬ್ಬ ಡೀಕನ್ ಇದೇ ದಣಿವಿನಿಂದ ಬೇಸತ್ತು ಒಂದು ಪತ್ರ ಬರೆದರು. ಆ ಪತ್ರಕ್ಕೆ ಬಂದ ಉತ್ತರ ಧರ್ಮಸಭೆಯ ಅಮೂಲ್ಯ ಆಸ್ತಿಗಳಲ್ಲೊಂದಾಯಿತು.

ಆ ಡೀಕನ್ನರ ಹೆಸರು ದೇವೊಗ್ರಾತಿಯಾಸ್. ಲತೀನ್ ಭಾಷೆಯ ಆ ಹೆಸರಿಗೆ 'ದೇವರಿಗೆ ಕೃತಜ್ಞತೆ' ಎಂದರ್ಥ. ಅವರು ಕಾರ್ಥೇಜ್ ನಗರದಲ್ಲಿ ಸೇವೆಯಲ್ಲಿದ್ದರು. ಕ್ರೈಸ್ತ ವಿಶ್ವಾಸವನ್ನು ಅರಿಯಲು ಬಂದ ಹೊಸಬರನ್ನು ಜನರು ಅವರ ಬಳಿಗೆ ಕರೆತರುತ್ತಿದ್ದರು. ಚೆನ್ನಾಗಿ ಬೋಧಿಸುತ್ತಾರೆಂದು ಅವರಿಗೆ ಹೆಸರಿತ್ತು. ಆದರೆ ತಮ್ಮ ಮಾತು ತಮಗೇ ಸಪ್ಪೆಯೆನಿಸುತ್ತಿದೆ, ಉದ್ದಕ್ಕೆ ಮಾತಾಡುತ್ತಾ ಹೋದಂತೆ ಕೇಳುವವರಿಗಿಂತ ಮೊದಲು ತಮಗೇ ಬೇಸರ ಹುಟ್ಟುತ್ತಿದೆ ಎಂದು ಅವರು ಹಿಪ್ಪೊ ನಗರದ ಧರ್ಮಾಧ್ಯಕ್ಷರಲ್ಲಿ ತೋಡಿಕೊಂಡರು. ಆ ಧರ್ಮಾಧ್ಯಕ್ಷರೇ ಸಂತ ಅಗಸ್ಟೀನರು. ಕ್ರಿ.ಶ. 400ರ ಆಸುಪಾಸಿನಲ್ಲಿ ಅವರು ಕೊಟ್ಟ ಉತ್ತರ, ವಿಶ್ವಾಸದ ಮೊದಲ ಪಾಠ ಹೇಳಿಕೊಡುವುದನ್ನು ಕುರಿತ ಒಂದು ಕಿರುಗ್ರಂಥವಾಗಿ ನಮಗೆ ಉಳಿದಿದೆ.

ಉತ್ತರ ಬರೆದವರು ಮಾತಿನಲ್ಲಿ ಸೋತವರಲ್ಲ ಎಂಬುದನ್ನು ನೆನಪಿಡೋಣ. 354ರಲ್ಲಿ ತಗಾಸ್ತೆ ಎಂಬ ಊರಿನಲ್ಲಿ ಹುಟ್ಟಿದ ಅಗಸ್ಟೀನರ ವೃತ್ತಿಯೇ ವಾಕ್ಚಾತುರ್ಯವನ್ನು ಕಲಿಸುವುದಾಗಿತ್ತು. 384ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಅದೇ ಶಾಸ್ತ್ರದ ಅಧ್ಯಾಪಕರಾಗಿದ್ದಾಗ, ಅಲ್ಲಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಪ್ರಬೋಧನೆ ಕೇಳಲು ಹೋದರು. ಹೋದದ್ದು ಶೈಲಿಯನ್ನು ಪರೀಕ್ಷಿಸಲು. ವಿಷಯದ ಬಗ್ಗೆ ಅವರಿಗೆ ಅಂಥ ಆಸಕ್ತಿಯಿರಲಿಲ್ಲ. ಆದರೆ ಮಾತಿನ ಸೊಗಸಿಗೆ ಬಾಗಿಲು ತೆರೆದಾಗ, ಅದರ ಹಿಂದೆಯೇ ಸತ್ಯವೂ ಮೆಲ್ಲನೆ ಒಳಬಂದಿತೆಂದು ಮುಂದೆ ಅವರೇ ಒಪ್ಪಿಕೊಂಡಿದ್ದಾರೆ. 387ರ ಪಾಸ್ಖ ಹಬ್ಬದಂದು ಅಂಬ್ರೋಸರ ಕೈಯಿಂದಲೇ ಅವರು ದೀಕ್ಷಾಸ್ನಾನ ಪಡೆದರು.

ಬೋಧಪೀಠವನ್ನು ಅವರು ಬಯಸಿ ಏರಿದವರೂ ಅಲ್ಲ. 391ರಲ್ಲಿ ಹಿಪ್ಪೊ ನಗರಕ್ಕೆ (ಇಂದಿನ ಅಲ್ಜೀರಿಯ ದೇಶದ ಅನ್ನಾಬ) ಬಂದಿದ್ದಾಗ, ದೇವಾಲಯದಲ್ಲಿ ನೆರೆದಿದ್ದ ಜನರೇ ಅವರನ್ನು ಹಿಡಿದು ಮುಂದೆ ತಂದು, ಗುರುದೀಕ್ಷೆ ನೀಡುವಂತೆ ಧರ್ಮಾಧ್ಯಕ್ಷ ವಲೇರಿಯರನ್ನು ಒತ್ತಾಯಿಸಿದರು. ಅಗಸ್ಟೀನರು ಅತ್ತರು. ಇನ್ನೂ ದೊಡ್ಡ ಪದವಿ ಸಿಗಲಿಲ್ಲವೆಂದು ಅಳುತ್ತಿದ್ದಾರೆಂದು ಭಾವಿಸಿ ಕೆಲವರು ಅವರನ್ನು ಸಮಾಧಾನಪಡಿಸಿದರಂತೆ! ವಾಸ್ತವದಲ್ಲಿ ಅವರನ್ನು ಕಾಡಿದ್ದು ಭಯ. ಪವಿತ್ರ ಗ್ರಂಥವನ್ನು ಓದಿ ಪ್ರಾರ್ಥಿಸಲು ಪಾಸ್ಖದವರೆಗಾದರೂ ಕಾಲಾವಕಾಶ ಕೊಡಿರೆಂದು ಅವರು ವಲೇರಿಯರಿಗೆ ಬರೆದ ಪತ್ರ ಇಂದಿಗೂ ಇದೆ. ಆಫ್ರಿಕದ ಧರ್ಮಸಭೆಯಲ್ಲಿ ಧರ್ಮಾಧ್ಯಕ್ಷರ ಎದುರು ಗುರುವೊಬ್ಬ ಪ್ರಬೋಧಿಸುವ ಪದ್ಧತಿ ಆಗ ಇರಲಿಲ್ಲ. ಗ್ರೀಕ್ ಮೂಲದ ವಲೇರಿಯರಿಗೆ ಲತೀನ್ ಭಾಷೆ ಸಲೀಸಾಗಿರಲಿಲ್ಲ. ಅವರು ಇತರ ಧರ್ಮಾಧ್ಯಕ್ಷರ ಆಕ್ಷೇಪಣೆಗೂ ಕಿವಿಗೊಡದೆ ತಮ್ಮ ಪೀಠವನ್ನು ಈ ಹೊಸ ಗುರುವಿಗೆ ಬಿಟ್ಟುಕೊಟ್ಟರು. ತನಗೆ ಆಗದ್ದನ್ನು ಇನ್ನೊಬ್ಬರು ಮಾಡಲೆಂದು ಬದಿಗೆ ಸರಿದ ಆ ವೃದ್ಧ ಧರ್ಮಾಧ್ಯಕ್ಷರನ್ನೂ ನಾವು ಕೃತಜ್ಞತೆಯಿಂದ ನೆನೆಯಬೇಕು.

ಇಂಥ ಅಗಸ್ಟೀನರು ದೇವೊಗ್ರಾತಿಯಾಸರಿಗೆ ಏನೆಂದು ಬರೆದರು? ನನಗೂ ನನ್ನ ಮಾತು ಹೆಚ್ಚಿನ ವೇಳೆ ಹಿಡಿಸುವುದಿಲ್ಲ ಎಂದೇ ಆರಂಭಿಸಿದರು. ಮನಸ್ಸಿನಲ್ಲಿ ಮಿಂಚಿನಂತೆ ಹೊಳೆದದ್ದು ನಾಲಗೆಗೆ ಬರುವಷ್ಟರಲ್ಲಿ ನಿಧಾನವಾಗಿ, ಮಬ್ಬಾಗಿ ಬಿಡುತ್ತದೆ. ಆದರೆ ಕೇಳುವವರ ಆಸಕ್ತಿಯನ್ನು ನೋಡಿದಾಗ, ನನ್ನ ಮಾತು ನನಗೆ ತೋರುವಷ್ಟು ನಿಸ್ಸಾರವಾಗಿಲ್ಲವೆಂದು ತಿಳಿಯುತ್ತದೆ ಎಂದು ಧೈರ್ಯ ತುಂಬಿದರು. ಬಳಿಕ ಬೇಸರದ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಂಡರು. ಗೊತ್ತಿರುವ ಸಣ್ಣ ಸಂಗತಿಗಳನ್ನೇ ಮತ್ತೆ ಮತ್ತೆ ಹೇಳಬೇಕಲ್ಲಾ ಎಂಬ ಬೇಸರವೇ? ನಾವು ದಿನವೂ ಕಂಡು ಕಡೆಗಣಿಸಿದ ನಮ್ಮ ಊರಿನ ಚೆಲುವನ್ನು ಹೊಸದಾಗಿ ಬಂದ ಗೆಳೆಯನಿಗೆ ತೋರಿಸುವಾಗ, ಅವನ ಕಣ್ಣಿನ ಬೆರಗಿನಿಂದ ಅದು ನಮಗೂ ಹೊಸದಾಗುವುದಿಲ್ಲವೇ? ಕೆಳಗಿಳಿದು ಮಾತಾಡಬೇಕೆಂಬ ಸಂಕೋಚವೇ? ಮಗುವಿನೊಡನೆ ತೊದಲು ನುಡಿಯುವ ತಂದೆಗೆ, ತುತ್ತನ್ನು ಅಗಿದು ಉಣಿಸುವ ತಾಯಿಗೆ ಅದರಲ್ಲಿ ಸಂತೋಷವಲ್ಲದೆ ಸಂಕೋಚವಿದೆಯೇ? ಕೇಳುವವನು ನಿಂತು ನಿಂತು ದಣಿದಿದ್ದರೆ ಅವನಿಗೆ ಕೂರಲು ಆಸನ ಕೊಡಿ ಎಂದೂ ಬರೆದರು. ಆಫ್ರಿಕದ ದೇವಾಲಯಗಳಲ್ಲಿ ಜನರು ನಿಂತೇ ಕೇಳುತ್ತಿದ್ದ ಕಾಲವದು. ಏನು ಮಾಡಿದರೂ ಅವನ ಮನಸ್ಸು ತೆರೆಯದಿದ್ದರೆ? ಆಗ ದೇವರ ಬಗ್ಗೆ ಅವನೊಡನೆ ಹೆಚ್ಚು ಮಾತಾಡುವ ಬದಲು, ಅವನ ಬಗ್ಗೆ ದೇವರೊಡನೆ ಹೆಚ್ಚು ಮಾತಾಡಿರೆಂಬುದು ಅವರ ಬುದ್ಧಿವಾದ.

ಈ ಕೊನೆಯ ಮಾತಿನಲ್ಲಿ ಅಗಸ್ಟೀನರ ಇಡೀ ಬೋಧನೆಯ ತಿರುಳಿದೆ. ಜಪಸರ ಹಿಡಿದು ನಾವು ದಿನವೂ ಉಚ್ಚರಿಸುವ 'ವರಪ್ರಸಾದ' ಎಂಬ ಪದದ ಆಳವನ್ನು ಅವರಷ್ಟು ತಡಕಿದವರು ಕಡಮೆ. ಧರ್ಮಾಧ್ಯಕ್ಷರಾದ ಹೊಸದರಲ್ಲಿ, 396ರ ಸುಮಾರಿಗೆ, ಸಂತ ಪೌಲರು ರೋಮನರಿಗೆ ಬರೆದ ಪತ್ರವನ್ನು ವಿವರಿಸುತ್ತಿದ್ದಾಗ, ದೇವರತ್ತ ತಿರುಗುವ ಮೊದಲ ಹೆಜ್ಜೆಯೂ ದೇವರ ಕೊಡುಗೆಯೇ ಎಂಬ ಅರಿವು ಅವರಿಗಾಯಿತು. ನಮ್ಮಲ್ಲಿರುವ ಯಾವುದು ತಾನೆ ಪಡೆದುಕೊಂಡದ್ದಲ್ಲ ಎಂಬ ಪೌಲರ ಪ್ರಶ್ನೆ ಅವರ ಮನಸ್ಸಿನಲ್ಲಿ ನಾಟಿತು. ಪೆಲಾಗಿಯುಸ್ ಎಂಬ ಸನ್ಯಾಸಿ, ಮನುಷ್ಯನು ತನ್ನ ಸಂಕಲ್ಪದ ಬಲದಿಂದಲೇ ಪಾಪರಹಿತನಾಗಿ ಬಾಳಬಲ್ಲನೆಂದು ಬೋಧಿಸಿದಾಗ ಅಗಸ್ಟೀನರು ಅದನ್ನು ಎದುರಿಸಿದ್ದು ಇದೇ ಅರಿವಿನಿಂದ. 418ರಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷರ ಸಭೆಯೂ ಆ ಬೋಧನೆಯನ್ನು ತಿರಸ್ಕರಿಸಿತು.

ಹಾಗಾದರೆ ಒಂದು ಸಂದೇಹ ಮೂಡುವುದು ಸಹಜ. ಎಲ್ಲವೂ ದೇವರ ಕೊಡುಗೆಯಾದರೆ ಪ್ರಬೋಧಕನು ಸಿದ್ಧತೆ ಏಕೆ ಮಾಡಬೇಕು? ಈ ಪ್ರಶ್ನೆಯನ್ನು ಅಗಸ್ಟೀನರೇ, ಸುಮಾರು 426ರಲ್ಲಿ ಪೂರ್ಣಗೊಳಿಸಿದ ಕ್ರೈಸ್ತ ಬೋಧನೆ ಕುರಿತ ಗ್ರಂಥದ ಕೊನೆಯ ಭಾಗದಲ್ಲಿ ಎತ್ತಿಕೊಂಡಿದ್ದಾರೆ. ವೈದ್ಯನು ಔಷಧ ಕೊಡುತ್ತಾನೆ, ಆದರೆ ಗುಣಪಡಿಸುವವರು ದೇವರು. ಹಾಗೆಂದು ಯಾರೂ ಔಷಧವನ್ನು ಬಿಸಾಡುವುದಿಲ್ಲ. ಒಬ್ಬರು ನೆಟ್ಟರು, ಇನ್ನೊಬ್ಬರು ನೀರೆರೆದರು, ಬೆಳೆಸಿದವರು ದೇವರು ಎಂದು ಪೌಲರು ಕೊರಿಂಥದವರಿಗೆ ಬರೆದದ್ದೂ ಇದನ್ನೇ. ಆದ್ದರಿಂದ ಪ್ರಬೋಧಕನು ಶ್ರಮಪಟ್ಟು ಸಿದ್ಧನಾಗಲಿ; ಆದರೆ ಬಾಯಿ ತೆರೆಯುವ ಮುನ್ನ ಪ್ರಾರ್ಥಿಸಲಿ.

ಇದು ಬರಿಯ ಸಿದ್ಧಾಂತವಾಗಿರಲಿಲ್ಲ. ಅಗಸ್ಟೀನರೊಡನೆ ಬಾಳಿ ಅವರ ಚರಿತ್ರೆ ಬರೆದ ಪೊಸ್ಸಿದಿಯುಸ್ ಒಂದು ಪ್ರಸಂಗವನ್ನು ಹೇಳುತ್ತಾರೆ. ಒಂದು ದಿನ ಪ್ರಬೋಧನೆಯ ನಡುವೆ ಅಗಸ್ಟೀನರು ಹಿಡಿದ ವಿಷಯವನ್ನು ಬಿಟ್ಟು, ಮಾನಿಕೇಯರೆಂಬ ಪಂಥದವರ ತಪ್ಪು ನಂಬಿಕೆಗಳತ್ತ ಹೊರಳಿ, ಅಲ್ಲಿಯೇ ಮಾತು ಮುಗಿಸಿಬಿಟ್ಟರು. ಊಟದ ಹೊತ್ತಿನಲ್ಲಿ, 'ನಾನಿಂದು ದಾರಿ ತಪ್ಪಿದ್ದನ್ನು ಗಮನಿಸಿದಿರಾ?' ಎಂದು ಜೊತೆಯವರನ್ನು ಕೇಳಿದರು. ಬಹುಶಃ ಯಾರನ್ನೋ ಗುಣಪಡಿಸಲು ದೇವರು ನನ್ನ ಮರೆವನ್ನು ಬಳಸಿಕೊಂಡಿರಬೇಕು ಎಂದೂ ಸೇರಿಸಿದರು. ಒಂದೆರಡು ದಿನಗಳಲ್ಲಿ ಫಿರ್ಮುಸ್ ಎಂಬ ವ್ಯಾಪಾರಿಯೊಬ್ಬ ಬಂದು ಕಣ್ಣೀರಿಡುತ್ತಾ ಅವರ ಕಾಲಿಗೆರಗಿದ. ಬಹುಕಾಲ ಆ ಪಂಥವನ್ನು ನಂಬಿ ಅವರಿಗಾಗಿ ಹಣ ಸುರಿದಿದ್ದ ಅವನ ಕಣ್ಣು ತೆರೆಸಿದ್ದು ಆ 'ದಾರಿ ತಪ್ಪಿದ' ಮಾತುಗಳೇ. ಮುಂದೆ ಅವನು ವ್ಯಾಪಾರ ಬಿಟ್ಟು ಗುರುವೂ ಆದ. ಇನ್ನೊಮ್ಮೆ ಅಗಸ್ಟೀನರು ಒಂದು ಚಿಕ್ಕ ಕೀರ್ತನೆಯ ಮೇಲೆ ಮಾತಾಡಲು ಸಿದ್ಧರಾಗಿ ಬಂದಿದ್ದರು. ವಾಚಕನು ಗಲಿಬಿಲಿಯಿಂದ ಬೇರೊಂದು ಕೀರ್ತನೆಯನ್ನು, ಇಂದು ನಾವು 139ನೆಯದೆಂದು ಎಣಿಸುವುದನ್ನು, ಹಾಡಿಬಿಟ್ಟ. ಅವರು ಗದರಲಿಲ್ಲ. ನನ್ನ ಯೋಜನೆಗಿಂತ ವಾಚಕನ ತಪ್ಪಿನಲ್ಲಿ ಅಡಗಿರುವ ದೇವರ ಚಿತ್ತವನ್ನೇ ಅನುಸರಿಸುತ್ತೇನೆಂದು ಹೇಳಿ, ಆ ದೀರ್ಘ ಕೀರ್ತನೆಯನ್ನೇ ವಿವರಿಸಿದರು.

ಚಪ್ಪಾಳೆಯ ಬೆಲೆ ಏನೆಂಬುದೂ ಅವರಿಗೆ ಗೊತ್ತಿತ್ತು. ಮೌರಿತಾನಿಯದ ಕೈಸರೇಯ ನಗರದಲ್ಲಿ (ಇಂದಿನ ಅಲ್ಜೀರಿಯದ ಶೆರ್ಶೆಲ್) ವರ್ಷಕ್ಕೊಮ್ಮೆ ಊರಿನವರೇ ಎರಡು ಪಂಗಡವಾಗಿ, ಅಣ್ಣತಮ್ಮಂದಿರು, ತಂದೆಮಕ್ಕಳೆನ್ನದೆ ಹಲವು ದಿನ ಕಲ್ಲೆಸೆದು ಕಾದಾಡುವ ಕ್ರೂರ ಸಂಪ್ರದಾಯವಿತ್ತು. ಸಾವುಗಳೂ ಆಗುತ್ತಿದ್ದವು. 418ರಲ್ಲಿ ಅಲ್ಲಿಗೆ ಹೋಗಿದ್ದ ಅಗಸ್ಟೀನರು ಅದರ ವಿರುದ್ಧ ಮಾತಾಡಿದರು. ಜನರು ಚಪ್ಪಾಳೆ ತಟ್ಟಿದರು. ಆದರೆ ಏನೂ ಆಗಿಲ್ಲವೆಂದು ಅವರಿಗೆ ತಿಳಿದಿತ್ತು. ಅವರು ಅಳತೊಡಗಿದಾಗಲಷ್ಟೇ ಮಾತು ಮುಟ್ಟಿತೆಂದು ನಂಬಿ, ದೇವರಿಗೆ ಕೃತಜ್ಞತೆ ಸಲ್ಲಿಸುವತ್ತ ಎಲ್ಲರನ್ನೂ ಕರೆದೊಯ್ದರು. ಎಂಟು ವರ್ಷಗಳ ಮೇಲೂ ಆ ಕಾದಾಟ ಮರುಕಳಿಸಿರಲಿಲ್ಲವೆಂದು ಅವರೇ ದಾಖಲಿಸಿದ್ದಾರೆ.

ಪ್ರಿಯ ಓದುಗರೇ, ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಆಫ್ರಿಕದ ಧರ್ಮಸಭೆಯನ್ನು ಆಗ ದೊನಾತಿಸ್ತರ ಒಡಕು ಸೀಳಿತ್ತು. ಹಿಂಸೆಯ ಕಾಲದಲ್ಲಿ ವಿಶ್ವಾಸಘಾತ ಮಾಡಿದವರ ಕೈಯಿಂದ ದೊರೆತ ಸಂಸ್ಕಾರಗಳಿಗೆ ಬೆಲೆಯಿಲ್ಲವೆಂಬುದು ಅವರ ವಾದ. ದೀಕ್ಷಾಸ್ನಾನ ಕೊಡುವವರು ನಿಜವಾಗಿ ಕ್ರಿಸ್ತರೇ, ಸೇವಕನ ಕುಂದು ಅವರ ವರಪ್ರಸಾದವನ್ನು ತಡೆಯಲಾರದು ಎಂಬ ಅಗಸ್ಟೀನರ ಉತ್ತರವನ್ನು ಧರ್ಮಸಭೆ ಇಂದಿಗೂ ಕಾಪಾಡಿಕೊಂಡಿದೆ. ಆದರೆ ಆ ಜನರನ್ನು ಮರಳಿ ತರಲು ಮಾತು ಮತ್ತು ತರ್ಕ ಮಾತ್ರ ಸಾಕೆಂದು ಮೊದಲು ನಂಬಿದ್ದ ಅವರು, ಕ್ರಮೇಣ ಮನಸ್ಸು ಬದಲಿಸಿ, ಸಾಮ್ರಾಟರ ಶಾಸನಗಳ ಬಲವಂತವನ್ನು ಸಮರ್ಥಿಸಿದರು. 412ರ ಶಾಸನ ದೊನಾತಿಸ್ತರಿಗೆ ಭಾರಿ ದಂಡ ವಿಧಿಸಿತು. ಮುಂದಿನ ಶತಮಾನಗಳಲ್ಲಿ ಬಲವಂತವನ್ನು ಬಯಸಿದವರು ಅಗಸ್ಟೀನರ ಆ ಮಾತುಗಳ ಮರೆ ಹೊಕ್ಕರು. ತೆರೆಯದ ಹೃದಯದ ಬಗ್ಗೆ ದೇವರೊಡನೆ ಮಾತಾಡಿರೆಂದು ದೇವೊಗ್ರಾತಿಯಾಸರಿಗೆ ಕಲಿಸಿದವರೇ, ಇಲ್ಲಿ ಅಷ್ಟು ಹೊತ್ತು ಕಾಯಲಿಲ್ಲ. ವರಪ್ರಸಾದದ ಆಚಾರ್ಯನಿಗೂ ವರಪ್ರಸಾದವನ್ನು ಕಾಯುವುದು ಸುಲಭವಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ವಿಶ್ವಾಸ ಕಲಿಸುವ ನಮಗೂ ಇದು ಎಚ್ಚರಿಕೆ. ಗದರಿಸಿ ಮೊಣಕಾಲೂರಿಸಬಹುದು, ಪ್ರಾರ್ಥನೆ ಹುಟ್ಟಿಸಲಾಗದು.

430ರಲ್ಲಿ ವಾಂಡಲರ ಸೇನೆ ಹಿಪ್ಪೊ ನಗರವನ್ನು ಮುತ್ತಿತು. ಕೊನೆಯ ಕಾಯಿಲೆ ಬೀಳುವವರೆಗೂ ಅಗಸ್ಟೀನರು ಪ್ರಬೋಧಿಸುವುದನ್ನು ನಿಲ್ಲಿಸಿರಲಿಲ್ಲ. ಹಾಸಿಗೆ ಹಿಡಿದಾಗ ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಗೋಡೆಗೆ ಅಂಟಿಸಿಕೊಂಡು, ಮಲಗಿದಲ್ಲಿಂದಲೇ ಓದುತ್ತಾ ಅತ್ತರು. ಸುಮಾರು ನಲವತ್ತು ವರ್ಷ ಮಾತಾಡಿದ ಮನುಷ್ಯ ಕಡೆಯ ಹತ್ತು ದಿನ ಹೆಚ್ಚುಕಡಮೆ ಯಾರನ್ನೂ ಬಳಿಗೆ ಬಿಟ್ಟುಕೊಳ್ಳದೆ, ಕೇಳುವವನಾಗಿ, ಬೇಡುವವನಾಗಿ ಉಳಿದರು. ಆಗಸ್ಟ್ 28ರಂದು ತೀರಿಕೊಂಡರು. ಶೀಘ್ರಲಿಪಿಕಾರರು ಬರೆದುಕೊಂಡ ಅವರ ಪ್ರಬೋಧನೆಗಳಲ್ಲಿ ಐನೂರಕ್ಕೂ ಹೆಚ್ಚು ನಮಗೆ ಉಳಿದಿವೆ. 1990ರಲ್ಲಿ ಜರ್ಮನಿಯ ಮೈನ್ಸ್ ನಗರದ ಗ್ರಂಥಾಲಯವೊಂದರ ಹಸ್ತಪ್ರತಿಯಲ್ಲಿ ಇನ್ನೂ 26 ಪ್ರಬೋಧನೆಗಳನ್ನು ಫ್ರಾನ್ಸ್ವಾ ದೊಲ್ಬೊ ಎಂಬ ವಿದ್ವಾಂಸರು ಗುರುತಿಸಿದರು. ಬಿತ್ತಿದವನು ಕಾಣದ ಮೊಳಕೆ ಎಷ್ಟು ಶತಮಾನ ದಾಟಿ ಬರಬಹುದು ನೋಡಿ!

ಮುಂದಿನ ಭಾನುವಾರ ಪ್ರಬೋಧನೆ ಆರಂಭವಾಗುವ ಆ ಅರೆಕ್ಷಣದ ಮೌನದಲ್ಲಿ, ತೀರ್ಪಿನ ತಕ್ಕಡಿಯನ್ನು ಬದಿಗಿಟ್ಟು, ಬೋಧಪೀಠದಲ್ಲಿ ನಿಂತವರಿಗಾಗಿ ಒಂದು ಚಿಕ್ಕ ಪ್ರಾರ್ಥನೆ ಮಾಡೋಣವೇ? ಅವರು ದಣಿದಿರಬಹುದು; ಅವರ ಮಾತು ದಾರಿ ತಪ್ಪಲೂಬಹುದು. ಆದರೆ ಆ ತಪ್ಪಿದ ದಾರಿಯ ತುದಿಯಲ್ಲಿ, ದೇವಾಲಯದ ಯಾವುದೋ ಮೂಲೆಯಲ್ಲಿ ಫಿರ್ಮುಸನೊಬ್ಬ ಕಾದಿರಬಹುದು. ಯಾರು ಬಲ್ಲರು, ಆ ಫಿರ್ಮುಸ್ ನಾವೇ ಆಗಿರಬಹುದು.