ಸಾಂಕ್ರಾಮಿಕ ನಿರ್ವಹಣೆಯಲ್ಲಿ ಕೃತಕ ಬುದ್ಧಿಮತ್ತೆ: ಕುಂದಾಪುರ, ಬೈಂದೂರು, ಬ್ರಹ್ಮಾವರ

ಈಗಾಗಲೇ ಕೂಡಿಟ್ಟ ಮಾಹಿತಿಯಿಂದ ಕಲಿತು, ಹೊಸದಾಗಿ ಎದುರಾದ ಸಂದರ್ಭದಲ್ಲಿ ಅಂದಾಜನ್ನೋ ನಿರ್ಣಯವನ್ನೋ ನೀಡಬಲ್ಲ ಗಣಕ ವಿಧಾನಗಳಿಗೆ ಒಟ್ಟಾಗಿ ಕೃತಕ ಬುದ್ಧಿಮತ್ತೆ ಎಂದು ಹೆಸರು. ರೋಗದ ಮುನ್ಸೂಚನೆ, ಪರೀಕ್ಷೆಗೆ ಒಳಪಡಿಸಬೇಕಾದವರ ಆಯ್ಕೆ, ಎಕ್ಸ್‌-ರೇ ಚಿತ್ರಗಳ ವಾಚನ, ಔಷಧ ಸಂಶೋಧನೆ ಮುಂತಾದ ಕೆಲಸಗಳಲ್ಲಿ ಈ ವಿಧಾನಗಳು ಕೋವಿಡ್‌-19ರ ಕಾಲದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದವು. ಉಡುಪಿ ಜಿಲ್ಲೆಯ ಉತ್ತರ ಭಾಗದ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಅನುಭವವು ಇವುಗಳ ಉಪಯೋಗವನ್ನೂ ಮಿತಿಯನ್ನೂ ಅರಿಯಲು ನೆರವಾಗುತ್ತದೆ.

ಈ ಸೀಮೆಯ ಅನೇಕ ಮನೆಗಳ ಮಂದಿ ತಲೆಮಾರುಗಳಿಂದ ಮುಂಬೈಯ ಹೋಟೆಲುಗಳಲ್ಲಿ ದುಡಿಯುತ್ತ ಬಂದಿರುವುದರಿಂದ, ಇಲ್ಲಿ ಸೋಂಕಿನ ಚರಿತ್ರೆಯು ಜನರ ಓಡಾಟದ ಚರಿತ್ರೆಯೂ ಹೌದು. 2020ರ ಮಾರ್ಚ್‌ನಲ್ಲಿ ಮೂರು ಪ್ರಕರಣಗಳನ್ನಷ್ಟೇ ಕಂಡು ಮೇ ಆರಂಭಕ್ಕೆ ಹಸಿರು ವಲಯದಲ್ಲಿದ್ದ ಉಡುಪಿ ಜಿಲ್ಲೆ, ಮಹಾರಾಷ್ಟ್ರದಿಂದ ಊರಿನವರು ಮರಳತೊಡಗಿದ ಕೆಲವೇ ವಾರಗಳಲ್ಲಿ ರಾಜ್ಯದಲ್ಲೇ ಹೆಚ್ಚು ಪ್ರಕರಣಗಳಿರುವ ಜಿಲ್ಲೆಗಳ ಸಾಲಿಗೆ ಸೇರಿತು. ಜೂನ್ 2ರಂದು ರಾಜ್ಯದಲ್ಲಿ ವರದಿಯಾದ 388 ಪ್ರಕರಣಗಳಲ್ಲಿ 150, ಜೂನ್ 5ರಂದು 515ರಲ್ಲಿ 204 ಈ ಜಿಲ್ಲೆಯವು. ಸೋಂಕಿತರಲ್ಲಿ ಬಹುಪಾಲು ಮಂದಿಗೆ ರೋಗಲಕ್ಷಣಗಳೇ ಇರಲಿಲ್ಲ. ಆದ್ದರಿಂದ ಗಂಟಲು ದ್ರವದ ಪರೀಕ್ಷೆಯನ್ನು ಯಾರಿಗೆ ಮೊದಲು ಮಾಡಬೇಕೆಂಬುದೇ ಆಗಿನ ಮುಖ್ಯ ಪ್ರಶ್ನೆಯಾಯಿತು.

ಇದೇ ಪ್ರಶ್ನೆಗೆ ಗ್ರೀಸ್ ದೇಶವು ಅದೇ ವರ್ಷದ ಬೇಸಿಗೆಯಲ್ಲಿ 'ಇವಾ' ಎಂಬ ವ್ಯವಸ್ಥೆಯ ಮೂಲಕ ಉತ್ತರ ಹುಡುಕಿತು. ಪ್ರಯಾಣಿಕರು ಮುಂಚಿತವಾಗಿ ತುಂಬಿದ ನಮೂನೆಯಲ್ಲಿನ ದೇಶ, ಪ್ರದೇಶ, ವಯಸ್ಸು, ಲಿಂಗಗಳ ವಿವರವನ್ನು ಇತ್ತೀಚಿನ ಪರೀಕ್ಷಾ ಫಲಿತಾಂಶಗಳೊಡನೆ ಹೋಲಿಸಿ, ಗಡಿಯಲ್ಲಿ ಯಾರನ್ನು ಪರೀಕ್ಷಿಸಬೇಕೆಂದು ಅದು ದಿನದಿನವೂ ಸೂಚಿಸುತ್ತಿತ್ತು. ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿ ಪರೀಕ್ಷಿಸಿದರೆ ಸಿಗುವುದಕ್ಕಿಂತ 1.85 ಪಟ್ಟು ಹೆಚ್ಚು ಲಕ್ಷಣರಹಿತ ಸೋಂಕಿತರನ್ನು ಅದು ಗುರುತಿಸಿತೆಂದು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಕರ್ನಾಟಕಕ್ಕೆ ಮರಳುವವರೂ ಸೇವಾ ಸಿಂಧು ಜಾಲತಾಣದಲ್ಲಿ ತಮ್ಮ ವಿವರ ನೀಡಿಯೇ ಬರುತ್ತಿದ್ದರೆಂಬುದನ್ನು ನೆನೆದರೆ, ಹೊರಗಿನಿಂದ ಬರುವವರೊಂದಿಗೆ ಸೋಂಕು ತಲುಪುವ ಇಂಥ ಸೀಮೆಗೆ ಅತ್ಯಂತ ಹತ್ತಿರದ ಮಾದರಿ ಇದೇ ಎನ್ನಬೇಕು.

ಇಲ್ಲಿನವರ ಕೈಗೆ ನೇರವಾಗಿ ಬಂದ ಉಪಕರಣವಾದರೋ ನಿಗಾ ಇಡುವಂಥದ್ದು. 2020ರ ಮಾರ್ಚ್ 30ರಂದು ರಾಜ್ಯ ಸರ್ಕಾರವು ಮನೆ ಕ್ವಾರಂಟೈನಿನಲ್ಲಿರುವವರೆಲ್ಲ ರಾತ್ರಿ 10ರಿಂದ ಬೆಳಿಗ್ಗೆ 7ರ ನಿದ್ರೆಯ ಅವಧಿಯನ್ನು ಬಿಟ್ಟು ಗಂಟೆಗೊಂದು ಸೆಲ್ಫಿಯನ್ನು 'ಕ್ವಾರಂಟೈನ್ ವಾಚ್' ಆ್ಯಪ್ ಮೂಲಕ ಕಳುಹಿಸಬೇಕೆಂದು ಆದೇಶಿಸಿತು. ಚಿತ್ರದೊಂದಿಗೆ ಸ್ಥಳದ ಗುರುತೂ ದಾಖಲಾಗುತ್ತಿತ್ತು, ಚಿತ್ರಗಳನ್ನು ಸರ್ಕಾರದ ತಂಡವೊಂದು ಪರಿಶೀಲಿಸುತ್ತಿತ್ತು. ಘಟ್ಟದ ಬುಡದ ಹಳ್ಳಿಗಳಲ್ಲಿ ನೆಟ್‌ವರ್ಕ್‌ಗಾಗಿ ಅಂಗಳ ದಾಟಿ ಗುಡ್ಡ ಹತ್ತಬೇಕಾದವನಿಗೆ, ಮನೆಯಲ್ಲೇ ಇದ್ದೇನೆಂದು ತೋರಿಸಲು ಮನೆಯಿಂದ ಹೊರಬೀಳಬೇಕಾದ ಸ್ಥಿತಿಯನ್ನು ಇಂಥ ಯೋಜನೆ ತಂದೊಡ್ಡುತ್ತದೆ.

ಚಿಕಿತ್ಸೆಯ ಕಡೆಯ ಪ್ರಯತ್ನಗಳಲ್ಲಿ 'ಎಕ್ಸ್‌ರೇಸೇತು' ಗಮನಾರ್ಹ. 2021ರ ಎರಡನೆಯ ಅಲೆಯ ವೇಳೆ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದ ಆರ್ಟ್‌ಪಾರ್ಕ್ ಮತ್ತು ಬೆಂಗಳೂರಿನ ನಿರಾಮಯಿ ಕಂಪನಿ ರೂಪಿಸಿದ ಈ ಸೇವೆಯಲ್ಲಿ, ಹಳ್ಳಿಯ ವೈದ್ಯರು ಎದೆಯ ಎಕ್ಸ್‌-ರೇ ಫಿಲ್ಮಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸೋಂಕಿನ ಸಾಧ್ಯತೆಯ ವರದಿ ಮರಳಿ ಬರುತ್ತಿತ್ತು. ಅದರ ಸಂವೇದಿತೆ, ಅಂದರೆ ರೋಗವಿರುವವರನ್ನು ತಪ್ಪದೆ ಹಿಡಿಯುವ ಪ್ರಮಾಣ, ಶೇಕಡಾ 98.86 ಎಂದೂ, ನಿರ್ದಿಷ್ಟತೆ, ಅಂದರೆ ರೋಗವಿಲ್ಲದವರನ್ನು ಇಲ್ಲವೆಂದೇ ಹೇಳುವ ಪ್ರಮಾಣ, ಶೇಕಡಾ 74.74 ಎಂದೂ ಪ್ರಕಟಿಸಲಾಯಿತು. ಈ ಲೆಕ್ಕದಲ್ಲಿ, 1,000 ಜನರಲ್ಲಿ 100 ಮಂದಿಗೆ ಸೋಂಕಿದ್ದರೆ ಸುಮಾರು 99 ಮಂದಿ ಸರಿಯಾಗಿ ಸಿಕ್ಕುತ್ತಾರೆ. ಆದರೆ ಸೋಂಕಿಲ್ಲದ 900 ಮಂದಿಯಲ್ಲೂ ಸುಮಾರು 227 ಮಂದಿಯನ್ನು ಯಂತ್ರವು ಶಂಕಿತರೆನ್ನುತ್ತದೆ. ಆದಕಾರಣ ಅದರ ವರದಿಯನ್ನು ಮುಂದಿನ ತಪಾಸಣೆಗೆ ಕಳುಹಿಸುವ ಸೂಚನೆಯೆಂದು ತಿಳಿಯಬೇಕೇ ಹೊರತು ಕೊನೆಯ ಮಾತೆಂದಲ್ಲ.

ಭಾಷೆಯ ತೊಡಕು ಇವೆಲ್ಲಕ್ಕಿಂತ ಆಳವಾದದ್ದು. ಪುಸ್ತಕದ ಕನ್ನಡದಲ್ಲಿ ಪಳಗಿದ ಧ್ವನಿ ಗುರುತಿಸುವ ಯಂತ್ರಕ್ಕೆ 'ಬರುವುದು' 'ಬಪ್ಪುದ್' ಆಗುವ, 'ಹೋಗುವುದು' 'ಹೋಪುದ್' ಆಗುವ ಕುಂದಗನ್ನಡ ಸುಲಭವಾಗಿ ದಕ್ಕದು; ಬ್ರಹ್ಮಾವರದ ಕಡೆಯ ತುಳು, ಗಂಗೊಳ್ಳಿಯ ಖಾರ್ವಿ ಕೊಂಕಣಿ, ಶಿರೂರಿನ ನವಾಯತಿ ಸೇರಿದರೆ ತೊಡಕು ಇನ್ನೂ ಹೆಚ್ಚು. ಉಸಿರು ಕಟ್ಟುತ್ತಿರುವ ವೃದ್ಧೆಯೊಬ್ಬಳು ಫೋನಿನಲ್ಲಿ ಹೇಳುವ ಮಾತು ಅರ್ಥವಾಗದಿದ್ದರೆ ಯಂತ್ರದ ಉಳಿದ ಜಾಣ್ಮೆಯೆಲ್ಲ ವ್ಯರ್ಥವೇ. ಜಗಲಿಯಲ್ಲಿ ಕುಳಿತು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅವಳದೇ ಮಾತಿನಲ್ಲಿ ವಿಚಾರಿಸಿ ಅಂಕಿಯನ್ನು ಬರೆದುಕೊಳ್ಳುವ ಆಶಾ ಕಾರ್ಯಕರ್ತೆಯ ಪುಸ್ತಕವು ಯಾವುದೇ ಗಣಕ ಮಾದರಿಗೆ ಮೂಲಧನ. ಆ ದುಡಿಮೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಹಳೆಯ ದಾಖಲೆಗಳನ್ನು ಗಣಕಕ್ಕೆ ಉಣಿಸುವಾಗ ಮತ್ತೊಂದು ಎಚ್ಚರ ಬೇಕಾಗುತ್ತದೆ. ಬೈಂದೂರು ಕುಂದಾಪುರದಿಂದಲೂ, ಬ್ರಹ್ಮಾವರ ಉಡುಪಿಯಿಂದಲೂ ಬೇರ್ಪಟ್ಟು ರಚನೆಯಾದ ತಾಲ್ಲೂಕುಗಳು. ವಿಭಜನೆಗೆ ಮೊದಲಿನ ಮತ್ತು ನಂತರದ ಅಂಕಿಗಳನ್ನು ಹಾಗೆಯೇ ಜೋಡಿಸಿದರೆ ಕುಂದಾಪುರದಲ್ಲಿ ರೋಗ ಒಮ್ಮೆಲೇ ಇಳಿದಂತೆ ಯಂತ್ರಕ್ಕೆ ತೋರುತ್ತದೆ. ಗ್ರಾಮವಾರು ಅಂಕಿಗಳನ್ನೇ ಆಧಾರವಾಗಿ ಇಟ್ಟುಕೊಂಡರೆ ಈ ದೋಷ ತಪ್ಪುತ್ತದೆ.