ನಿದ್ರಾ ಉಸಿರುಕಟ್ಟುವಿಕೆಯ ಪ್ರಾಣಿ ಮಾದರಿಗಳು

ನಿದ್ರಾ ಉಸಿರುಕಟ್ಟುವಿಕೆ ಅಥವಾ ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆಯು ಹೃದಯ, ರಕ್ತನಾಳ, ಮಿದುಳು ಮತ್ತು ಚಯಾಪಚಯದ ಮೇಲೆ ಉಂಟುಮಾಡುವ ಪರಿಣಾಮಗಳನ್ನು ತಿಳಿಯಲು ಪ್ರಯೋಗಾಲಯದಲ್ಲಿ ಬಳಸುವ ಪ್ರಾಣಿಗಳನ್ನು ಹಾಗೂ ಪ್ರಯೋಗ ವಿಧಾನಗಳನ್ನು ಅದರ ಪ್ರಾಣಿ ಮಾದರಿಗಳು ಎಂದು ಕರೆಯಲಾಗುತ್ತದೆ. ಈ ಕಾಯಿಲೆಯ ಸಾಮಾನ್ಯ ಬಗೆಯಲ್ಲಿ, ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡುಗಳ ಕಾಲ ಉಸಿರು ನಿಂತು, ರಕ್ತದಲ್ಲಿ ಆಮ್ಲಜನಕ ಇಳಿದು, ಕೊನೆಗೆ ಮಿದುಳು ಅರೆಎಚ್ಚರಗೊಂಡಾಗ ಮಾತ್ರ ಗಂಟಲು ತೆರೆದುಕೊಳ್ಳುತ್ತದೆ. ಗಂಟೆಗೆ 30 ಅಥವಾ ಅದಕ್ಕಿಂತ ಹೆಚ್ಚು ಸಲ ಹೀಗಾದರೆ ಕಾಯಿಲೆ ತೀವ್ರವಾಗಿದೆ ಎಂದು ಪರಿಗಣಿಸಲಾಗುತ್ತದೆ.

== ಮಾದರಿಗಳ ಅಗತ್ಯ ==
ಈ ರೋಗಿಗಳಲ್ಲಿ ಅನೇಕರು ಸ್ಥೂಲಕಾಯರು, ಮಧ್ಯವಯಸ್ಸು ದಾಟಿದವರು. ಅಧಿಕ ರಕ್ತದೊತ್ತಡ ಮತ್ತು ಮಧುಮೇಹವೂ ಅವರಲ್ಲಿ ಹೆಚ್ಚು. ಆದ್ದರಿಂದ ರಕ್ತದೊತ್ತಡ ಏರಿದ್ದು ಉಸಿರುಕಟ್ಟುವಿಕೆಯಿಂದಲೋ ಬೊಜ್ಜಿನಿಂದಲೋ ಎಂಬ ಪ್ರಶ್ನೆಗೆ ರೋಗಿಗಳನ್ನು ಗಮನಿಸಿದ ಮಾತ್ರಕ್ಕೆ ಖಚಿತ ಉತ್ತರ ಸಿಗುವುದಿಲ್ಲ. ಆರೋಗ್ಯವಂತ ಮನುಷ್ಯರ ಉಸಿರನ್ನು ತಿಂಗಳುಗಟ್ಟಲೆ ಕಟ್ಟಿಸಿ ನೋಡುವಂತೆಯೂ ಇಲ್ಲ. ಕಾರಣ ಯಾವುದು, ಜೊತೆಗೂಡಿದ್ದು ಯಾವುದು ಎಂದು ಬೇರ್ಪಡಿಸಲು ಸಂಶೋಧಕರು ಪ್ರಾಣಿಗಳನ್ನು ಆಶ್ರಯಿಸಿದರು.

== ನಾಯಿಗಳು ==
ಸಹಜವಾಗಿಯೇ ಈ ಕಾಯಿಲೆಯಿರುವ ಪ್ರಾಣಿಗಳಲ್ಲಿ ಇಂಗ್ಲಿಷ್ ಬುಲ್‌ಡಾಗ್ ಹೆಚ್ಚು ಪ್ರಸಿದ್ಧ. ಚಪ್ಪಟೆ ಮುಖಕ್ಕಾಗಿ ಮನುಷ್ಯರೇ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಈ ತಳಿಯಲ್ಲಿ ಮೃದು ಅಂಗುಳು ದೊಡ್ಡದು, ಶ್ವಾಸಮಾರ್ಗ ಕಿರಿದು. ಇವುಗಳಿಗೆ ನಿದ್ರೆಯಲ್ಲಿ ಉಸಿರು ಕಟ್ಟುತ್ತದೆ, ಕನಸಿನ ನಿದ್ರೆಯಲ್ಲಿ ಆಮ್ಲಜನಕದ ಮಟ್ಟ ಇನ್ನೂ ಕುಸಿಯುತ್ತದೆ ಮತ್ತು ಹಗಲಿನಲ್ಲಿ ತೂಕಡಿಕೆ ಹೆಚ್ಚು ಎಂಬುದನ್ನು ಜೋನ್ ಹೆಂಡ್ರಿಕ್ಸ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದರು. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಔಷಧಿಯು ಬುಲ್‌ಡಾಗ್‌ಗಳಲ್ಲಿ ಉಸಿರುಕಟ್ಟುವಿಕೆಯನ್ನು ಕಡಿಮೆ ಮಾಡಿತೆಂದು 2001ರಲ್ಲಿ ವರದಿಯಾಯಿತು. ಅದೇ ಔಷಧಿಯನ್ನು ಒಂಟಿಯಾಗಿ ರೋಗಿಗಳಿಗೆ ಕೊಟ್ಟು ನೋಡಿದಾಗ ಅಂಥ ಪ್ರಯೋಜನ ಕಾಣಲಿಲ್ಲ. ಒಂದು ಪ್ರಾಣಿಯ ಗಂಟಲಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ ಎಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸಬಹುದು.

ಕಾರಣ ಮತ್ತು ಪರಿಣಾಮದ ಪ್ರಶ್ನೆಗೆ ಹೆಚ್ಚು ನೇರವಾದ ಉತ್ತರ ಬಂದದ್ದು ಟೊರಾಂಟೋದಿಂದ. ಬ್ರೂಕ್ಸ್, ಹಾರ್ನರ್, ಫಿಲಿಪ್ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಕೇವಲ 4 ನಾಯಿಗಳು. ನಾಯಿ ನಿದ್ರಿಸಿದ್ದನ್ನು ಕಂಪ್ಯೂಟರ್ ಗುರುತಿಸಿ ಶ್ವಾಸನಾಳಕ್ಕೆ ಜೋಡಿಸಿದ ಕವಾಟವನ್ನು ಮುಚ್ಚುತ್ತಿತ್ತು. ನಾಯಿ ಎಚ್ಚರಗೊಂಡೊಡನೆ ಕವಾಟ ತೆರೆದುಕೊಳ್ಳುತ್ತಿತ್ತು. ಒಂದರಿಂದ ಮೂರು ತಿಂಗಳು ಹೀಗೆ ನಡೆದಾಗ ರಾತ್ರಿಯ ರಕ್ತದೊತ್ತಡವಷ್ಟೇ ಅಲ್ಲದೆ, ಉಸಿರಾಟ ಸರಾಗವಾಗಿದ್ದ ಹಗಲಿನ ರಕ್ತದೊತ್ತಡವೂ ಏರಿತು. ಹಗಲಿನ ಏರಿಕೆ ಗರಿಷ್ಠ ಸುಮಾರು 16 ಮಿ.ಮೀ. ಪಾದರಸದಷ್ಟಿತ್ತು. ಉಸಿರು ಕಟ್ಟಿಸದೆ ಬರಿಯ ಸದ್ದಿನಿಂದ ಅಷ್ಟೇ ಸಲ ಎಬ್ಬಿಸಿದಾಗ ರಾತ್ರಿಯ ಒತ್ತಡ ಏರಿದರೂ ಹಗಲಿನದು ಏರಲಿಲ್ಲ. ನಿದ್ರಾಭಂಗವೊಂದೇ ಇದಕ್ಕೆ ಸಾಲದು, ಉಸಿರು ನಿಲ್ಲುವುದೇ ಮುಖ್ಯ ಎಂಬ ನಿರ್ಣಯಕ್ಕೆ ಈ ಹೋಲಿಕೆಯೇ ಆಧಾರ. ಪ್ರಾಣಿಗಳ ಸಂಖ್ಯೆ ಚಿಕ್ಕದಾದರೂ ಪ್ರಯೋಗದ ಕಟ್ಟು ಗಟ್ಟಿಯಾಗಿದ್ದರಿಂದ ಇದು ಇಂದಿಗೂ ಉಲ್ಲೇಖಗೊಳ್ಳುತ್ತಿದೆ.

ಇಂದಿನ ಪ್ರಮುಖ ಚಿಕಿತ್ಸೆಯಾದ ಸಿಪ್ಯಾಪ್, ಅಂದರೆ ಮೂಗಿನ ಮುಖವಾಡದ ಮೂಲಕ ಗಾಳಿಯ ಒತ್ತಡ ನೀಡಿ ಗಂಟಲನ್ನು ತೆರೆದಿಡುವ ಯಂತ್ರವನ್ನು 1981ರಲ್ಲಿ ವರದಿ ಮಾಡಿದ ಕಾಲಿನ್ ಸಲಿವನ್ ಅದಕ್ಕೂ ಮುಂಚೆ ಟೊರಾಂಟೋದಲ್ಲಿ ಫಿಲಿಪ್ಸನ್ ಅವರೊಂದಿಗೆ ನಾಯಿಗಳ ನಿದ್ರೆಯ ಉಸಿರಾಟವನ್ನೇ ಅಧ್ಯಯನ ಮಾಡಿದ್ದರು.

== ಇಲಿಗಳು ಮತ್ತು ಬಿಟ್ಟುಬಿಟ್ಟು ಬರುವ ಆಮ್ಲಜನಕ ಕೊರತೆ ==
ನಾಯಿಗಳ ಪ್ರಯೋಗ ದುಬಾರಿ, ಶ್ರಮದಾಯಕ. ಯೂಜೀನ್ ಫ್ಲೆಚರ್ ಅವರ ತಂಡ 1992ರಲ್ಲಿ ಪ್ರಕಟಿಸಿದ ವಿಧಾನ ಸರಳವಾಗಿತ್ತು: ಇಲಿಗಳ ಗಂಟಲನ್ನು ಮುಟ್ಟದೆ, ಅವುಗಳಿರುವ ಪೆಟ್ಟಿಗೆಯ ಗಾಳಿಯನ್ನೇ ಬದಲಿಸುವುದು. ಪ್ರತಿ 30 ಸೆಕೆಂಡಿಗೊಮ್ಮೆ ನೈಟ್ರೋಜನ್ ಹಾಯಿಸಿ ಆಮ್ಲಜನಕವನ್ನು ಶೇಕಡ 21ರಿಂದ 3–5ಕ್ಕೆ ಇಳಿಸಿ ಮತ್ತೆ ಏರಿಸಲಾಗುತ್ತಿತ್ತು. ಇಲಿಗಳು ನಿಶಾಚರಿಗಳಾದ ಕಾರಣ ಇಂಥ ಪ್ರಯೋಗಗಳು ಅವು ನಿದ್ರಿಸುವ ಹಗಲಿನಲ್ಲೇ ನಡೆಯುತ್ತವೆ. ದಿನಕ್ಕೆ ಸುಮಾರು 7 ಗಂಟೆಯಂತೆ 35 ದಿನ ಕಳೆದಾಗ ಇಲಿಗಳ ರಕ್ತದೊತ್ತಡ ಏರಿ ನಿಂತಿತು. ಕತ್ತಿನ ಧಮನಿ ಕವಲೊಡೆಯುವಲ್ಲಿರುವ, ಆಮ್ಲಜನಕವನ್ನು ಗ್ರಹಿಸುವ ಕ್ಯಾರೊಟಿಡ್ ಕಾಯದ ನರವನ್ನು ಮೊದಲೇ ಕತ್ತರಿಸಿದ್ದ ಇಲಿಗಳಲ್ಲಿ ಈ ಏರಿಕೆ ಕಾಣಲಿಲ್ಲ.

ಭಾರತೀಯ ಮೂಲದ, ಷಿಕಾಗೋ ವಿಶ್ವವಿದ್ಯಾಲಯದ ನಂದೂರಿ ಪ್ರಭಾಕರ್ ಅವರ ತಂಡವು ಈ ಕಾಯದೊಳಗೆ ನಡೆಯುವುದೇನೆಂದು ವಿವರಿಸಿತು. ಆಮ್ಲಜನಕ ಇಳಿಯುವುದಷ್ಟೇ ಹಾನಿಕರವಲ್ಲ. ಇಳಿದು ಮರಳುವ ಪ್ರತಿಯೊಂದು ಆವರ್ತದಲ್ಲೂ ಜೀವಕೋಶಗಳಲ್ಲಿ ಉಗ್ರ ಆಮ್ಲಜನಕ ಕಣಗಳು ಹುಟ್ಟುತ್ತವೆ. ಇವುಗಳಿಂದ ಎಚ್‌ಐಎಫ್-1 ಎಂಬ ಪ್ರೋಟೀನು ಹೆಚ್ಚಿ, ಉತ್ಕರ್ಷಣವನ್ನು ತಡೆಯುವ ಕಿಣ್ವಗಳಿಗೆ ನೆರವಾಗುವ ಎಚ್‌ಐಎಫ್-2 ಕುಗ್ಗುತ್ತದೆ. ಕ್ಯಾರೊಟಿಡ್ ಕಾಯ ಅತಿಸೂಕ್ಷ್ಮವಾಗಿ ಅನುವೇದನಾ ನರಮಂಡಲವನ್ನು ಸದಾ ಉದ್ರೇಕಿಸುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಎಚ್‌ಐಎಫ್-1 ವಂಶವಾಹಿಯ ಒಂದೇ ಪ್ರತಿಯುಳ್ಳ ಇಲಿಗಳಲ್ಲಿ ಈ ಪ್ರತಿಕ್ರಿಯೆ ಕಂಡುಬರಲಿಲ್ಲ. ಈ ಕೆಲಸದಲ್ಲಿ ಪಾಲ್ಗೊಂಡ ಗ್ರೆಗ್ ಸೆಮೆನ್ಜಾ ಅವರು ಜೀವಕೋಶಗಳ ಆಮ್ಲಜನಕ ಗ್ರಹಿಕೆಯ ಸಂಶೋಧನೆಗಾಗಿ 2019ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

== ಇತರ ಅಂಗಗಳು ==
ಡೇವಿಡ್ ಗೊಜಾಲ್ ಅವರ ತಂಡವು 2001ರಲ್ಲಿ, ಇಂಥ ಕೊರತೆಗೆ ಒಳಗಾದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳು ಸಾಯುವುದನ್ನೂ, ನೀರಿನ ತೊಟ್ಟಿಯಲ್ಲಿ ಅಡಗಿದ ಕಟ್ಟೆಯ ಜಾಗವನ್ನು ನೆನಪಿಡಲು ಅವು ಕಷ್ಟಪಡುವುದನ್ನೂ ತೋರಿಸಿತು. ಬೊಜ್ಜಿನ ಇಲಿಗಳಲ್ಲಿ ಇನ್ಸುಲಿನ್‌ಗೆ ದೇಹದ ಸ್ಪಂದನ ಕುಗ್ಗುವುದು ಹಾಗೂ ಕೊಬ್ಬಿನ ಆಹಾರ ಜೊತೆಗೂಡಿದಾಗ ಮಹಾಧಮನಿಯಲ್ಲಿ ಜಿಡ್ಡು ಕಟ್ಟುವುದು ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರಿಂದ ತಿಳಿದುಬಂದಿತು. ಚರ್ಮದ ಮೆಲನೋಮ ಗಡ್ಡೆಗಳೂ ಇಲಿಗಳಲ್ಲಿ ವೇಗವಾಗಿ ಬೆಳೆದವೆಂದು ಬಾರ್ಸಿಲೋನಾದಿಂದ ವರದಿಯಾಗಿದೆ. ಮನುಷ್ಯರಲ್ಲಿ ಕ್ಯಾನ್ಸರ್ ಸಂಬಂಧ ಇನ್ನೂ ವಿವಾದದಲ್ಲಿದೆ.

== ಮಿತಿಗಳು ==
ಗಾಳಿ ಬದಲಿಸುವ ಮಾದರಿಯಲ್ಲಿ ಗಂಟಲು ಮುಚ್ಚುವುದೇ ಇಲ್ಲ. ಹೀಗಾಗಿ ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಎದೆಗೂಡಿನೊಳಗೆ ಉಂಟಾಗುವ ಎಳೆತ ಹೃದಯಕ್ಕೆ ತಗಲುವುದಿಲ್ಲ. ರೋಗಿಯಲ್ಲಿ ಉಸಿರು ನಿಂತಾಗ ಇಂಗಾಲದ ಡೈಆಕ್ಸೈಡ್ ಏರಿದರೆ, ವೇಗವಾಗಿ ಉಸಿರಾಡುವ ಇಲಿಯಲ್ಲಿ ಅದು ಇಳಿಯುತ್ತದೆ. ಅನೇಕ ಪ್ರಯೋಗಗಳಲ್ಲಿ ಆಮ್ಲಜನಕವನ್ನು ಸಾಮಾನ್ಯ ರೋಗಿಗಳಲ್ಲಿ ಕಾಣುವುದಕ್ಕಿಂತ ಕಠಿಣವಾಗಿ ಇಳಿಸಲಾಗುತ್ತದೆ. ರೋಗ ವರ್ಷಗಟ್ಟಲೆ ನಡೆಯುವಂಥದ್ದು, ಪ್ರಯೋಗ ವಾರಗಳದ್ದು. ಸೌಮ್ಯ ಪ್ರಮಾಣದ ಇದೇ ಕೊರತೆಯನ್ನು ಬೆನ್ನುಹುರಿಗೆ ಪೆಟ್ಟಾದವರ ಚಿಕಿತ್ಸೆಗೂ ಪರೀಕ್ಷಿಸಲಾಗುತ್ತಿರುವುದರಿಂದ ಪ್ರಮಾಣದ ಪ್ರಶ್ನೆ ಕ್ಷುಲ್ಲಕವಲ್ಲ.

2016ರಲ್ಲಿ ಪ್ರಕಟವಾದ ಸೇವ್ ಅಧ್ಯಯನವು ಈ ಚರ್ಚೆಯನ್ನು ತೀವ್ರಗೊಳಿಸಿತು. ಮೊದಲೇ ಹೃದ್ರೋಗ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,717 ರೋಗಿಗಳಲ್ಲಿ ಸಿಪ್ಯಾಪ್ ಯಂತ್ರವು ಗೊರಕೆ ಮತ್ತು ಹಗಲಿನ ತೂಕಡಿಕೆಯನ್ನು ತಗ್ಗಿಸಿತಾದರೂ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳನ್ನು ಕಡಿಮೆ ಮಾಡಲಿಲ್ಲ. ಆದರೆ ರೋಗಿಗಳು ಅದನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಇಲಿಗೆ ಶುದ್ಧ ಗಾಳಿಯನ್ನು ಪೂರ್ತಿಯಾಗಿ ಮರಳಿಸಬಹುದು. ರೋಗಿ ನಡುರಾತ್ರಿ ಮುಖವಾಡ ಕಿತ್ತಿಡುತ್ತಾನೆ.

== ಭಾರತದಲ್ಲಿ ==
ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರಶರೀರಕ್ರಿಯಾಶಾಸ್ತ್ರ ವಿಭಾಗದಲ್ಲಿ ಇಲಿಗಳ ನಿದ್ರೆ ಮತ್ತು ಎಚ್ಚರದ ಚಕ್ರದ ಬಗ್ಗೆಯೂ ಮನುಷ್ಯರ ನಿದ್ರೆಯ ಬಗ್ಗೆಯೂ ಸಂಶೋಧನೆ ನಡೆದಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದರಡಿ ರಚಿತವಾದ ಕೇಂದ್ರ ಸಮಿತಿಯಲ್ಲಿ ಸಂಸ್ಥೆಯು ನೋಂದಾಯಿಸಿಕೊಂಡಿರಬೇಕು ಮತ್ತು ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ನಾಯಿಯಂಥ ದೊಡ್ಡ ಪ್ರಾಣಿಗಳ ಬಳಕೆಗೆ ಕೇಂದ್ರ ಸಮಿತಿಯ ಅನುಮತಿಯೇ ಬೇಕಾಗುತ್ತದೆ.